ಅಲ್ಲಿ ಹೇಳಿದ ಸಾಕ್ಷಿ

ತಿಹೊಮೀರ್ ಜೈಲಿನಿಂದ ಬಿಡುಗಡೆಯಾಗಿ ಊರಿಗೆ ಬಂದ ದಿನ ವೀದಾ ಅಂಗಳದಲ್ಲಿ ಕೂತು ಕೆಂಪು ದೊಣ್ಣೆಮೆಣಸಿನಕಾಯಿ ಸುಡುತ್ತಿದ್ದಳು. ಚಳಿಗಾಲಕ್ಕೆ ಜಾಡಿ ತುಂಬಿಸಿಡಲು ಅಕ್ಟೋಬರಿನಲ್ಲಿ ಎಲ್ಲ ಮನೆಯಲ್ಲೂ ನಡೆಯುವ ಕೆಲಸ. ಬೇರೆ ಮನೆಗಳಲ್ಲಿ ನಾಲ್ಕಾರು ಹೆಂಗಸರು ಒಲೆಯ ಸುತ್ತ ಸೇರುತ್ತಾರೆ. ಒಬ್ಬಳು ಸುಟ್ಟರೆ ಇನ್ನೊಬ್ಬಳು ಸಿಪ್ಪೆ ತೆಗೆದು, ಮತ್ತೊಬ್ಬಳು ತನ್ನ ಅತ್ತೆಯನ್ನು ಬೈದು, ಹಾಗೇ ಸಂಜೆಯಾಗಿಬಿಡುತ್ತದೆ. ವೀದಾ ಒಬ್ಬಳೇ ಸುಟ್ಟು, ಒಬ್ಬಳೇ ಸುಲಿದು, ಒಬ್ಬಳೇ ತುಂಬುತ್ತಿದ್ದಳು. ಎಷ್ಟೋ ವರ್ಷದಿಂದ ಹೀಗೇ.

ಹೆದ್ದಾರಿಯ ಕಡೆಯಿಂದ ಬ್ಯಾಂಡಿನ ಸದ್ದು ಕೇಳಿತು. ಬೆಳಗಿನಿಂದ ಶಾಲೆಯ ಮೈದಾನದಲ್ಲಿ ಇಡೀ ಕುರಿಮರಿಗಳನ್ನು ಸಲಾಕೆಗೆ ಚುಚ್ಚಿ ಕೆಂಡದ ಮೇಲೆ ತಿರುಗಿಸುತ್ತಿದ್ದರು. ಆ ವಾಸನೆ ಅವಳ ಅಂಗಳದ ತನಕ ಬರುತ್ತಿತ್ತು. ಶಾಲೆಯ ಗೇಟಿಗೆ ಬಟ್ಟೆ ಕಟ್ಟಿದ್ದರು, ‘ನಮ್ಮ ವೀರನಿಗೆ ಸ್ವಾಗತ’ ಅಂತ. ವೀದಾ ಹಿಂದಿನ ದಿನವೇ ಅದನ್ನು ನೋಡಿ ತಲೆ ತಗ್ಗಿಸಿಕೊಂಡು ಬಂದಿದ್ದಳು. ಬೇರೆ ಯಾವ ಗೇಟಾಗಿದ್ದರೂ ಅವಳಿಗೆ ಅಷ್ಟು ಚುಚ್ಚುತ್ತಿರಲಿಲ್ಲ.

ಮೆರವಣಿಗೆ ಅವಳ ಮನೆಯ ಮುಂದೆಯೇ ಹಾದುಹೋಗಬೇಕು, ತಿಹೊಮೀರನ ಮನೆಗೆ ಬೇರೆ ದಾರಿಯಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಹೆದರಿದಳು ಅನ್ನುತ್ತಾರೆ. ಕೂತಿದ್ದರೆ ಭಂಡಿ ಅನ್ನುತ್ತಾರೆ. ಅವಳು ಕೂತೇ ಇದ್ದಳು. ಕಹಳೆಯವರು ಅವಳ ಗೇಟಿನ ಹತ್ತಿರ ಬಂದಾಗ ಬೇಕೆಂದೇ ಕೆನ್ನೆ ಉಬ್ಬಿಸಿ ಜೋರಾಗಿ ಊದಿದರು. ಗುಂಪಿನಿಂದ ಯಾರೋ ಕೂಗಿದರು, “ಏನೇ ವೀದಾ, ಕೈ ಎತ್ತಿ ಪ್ರಮಾಣ ಮಾಡಲ್ವೇನೇ ಇವತ್ತು?” ಎಲ್ಲರೂ ನಕ್ಕರು. ಕಾರಿನ ಕಿಟಕಿಯಲ್ಲಿ ತಿಹೊಮೀರ್ ಕಂಡ. ಕೂದಲು ಪೂರಾ ಬೆಳ್ಳಗಾಗಿತ್ತು, ಕುತ್ತಿಗೆ ತೆಳ್ಳಗಾಗಿತ್ತು. ಜನರತ್ತ ಬೀಸುತ್ತಿದ್ದ ಕೈಯನ್ನು ಅವಳನ್ನು ಕಂಡ ಕೂಡಲೇ ಒಳಗೆ ಎಳೆದುಕೊಂಡ. ನಗಲಿಲ್ಲ, ಮುಖ ತಿರುಗಿಸಲೂ ಇಲ್ಲ. ಕಾರು ಮುಂದೆ ಹೋಯಿತು. ಒಲೆಯ ಮೇಲಿದ್ದ ಕಾಯಿಗಳೆಲ್ಲ ಕರಿಕಲಾಗಿದ್ದವು.

ವ್ರೆಲಾ ಅನ್ನುವುದು ಬೋಸ್ನಿಯಾದಲ್ಲಿ, ದ್ರಿನಾ ನದಿಗೆ ಸೇರುವ ಒಂದು ಹಳ್ಳದ ಎರಡೂ ದಂಡೆಗೆ ಹರಡಿಕೊಂಡ ಊರು. ಮೇಲ್ಕೇರಿಯಲ್ಲಿ ಸೆರ್ಬರು, ಹಳ್ಳದಾಚೆ ಕೆಳಕೇರಿಯಲ್ಲಿ ಮುಸ್ಲಿಮರು. ಶಾಲೆ ಎರಡೂ ಕೇರಿಗೆ ಒಂದೇ. ವೀದಾ ಆ ಶಾಲೆಯ ಅಡುಗೆಯವಳು, ತಿಹೊಮೀರ್ ಅಲ್ಲೇ ವ್ಯಾಯಾಮದ ಮೇಷ್ಟ್ರು. ಅವಳ ಮದುವೆಯಲ್ಲಿ ಚರ್ಚಿನೊಳಗೆ ಸಾಕ್ಷಿಯಾಗಿ ನಿಂತವನೂ ಅವನೇ. ಹಾಗೆ ನಿಂತವನನ್ನು ಕೂಮ ಅನ್ನುತ್ತಾರೆ, ಅವನು ಮದುವೆಯಾದವರನ್ನು ಕರೆಯುವುದೂ ಹಾಗೇ. ಒಡಹುಟ್ಟಿದವರ ಜೊತೆ ಮಾತು ಬಿಟ್ಟರೂ ಬಿಡಬಹುದು, ಕೂಮನ ಜೊತೆ ಬಿಡುವ ಹಾಗಿಲ್ಲ.

ಯುದ್ಧ ಶುರುವಾದ ಬೇಸಿಗೆಯಲ್ಲಿ ಸೆರ್ಬ್ ಪಡೆಯವರು ಕೆಳಕೇರಿಯ ಗಂಡಸರನ್ನೆಲ್ಲ ಶಾಲೆಯ ವ್ಯಾಯಾಮದ ಕೋಣೆಯಲ್ಲಿ ಕೂಡಿಹಾಕಿದರು. ಕಾವಲಿನವರಿಗೆ ತಿಹೊಮೀರ್ ಮುಖ್ಯಸ್ಥನಾದ. ಒಳಗಿದ್ದವರಿಗೆ ಅಡುಗೆ ಮಾಡು ಎಂದು ವೀದಾಗೆ ಹೇಳಿಕಳಿಸಿದರು, ಅವಳು ಹೋಗಿ ಮಾಡಿದಳು. ಒಂದು ಮಧ್ಯಾಹ್ನ ಲಾರಿ ಬಂತು. ತಿಹೊಮೀರ್ ಬಾಗಿಲಲ್ಲಿ ನಿಂತು ಹೆಸರುಗಳನ್ನು ಓದಿದ. ಹೆಸರು ಓದಿಸಿಕೊಂಡವರಲ್ಲಿ ಒಬ್ಬನೂ ತಿರುಗಿ ಬರಲಿಲ್ಲ, ಅವರ ಮೂಳೆಯೂ ಸಿಗಲಿಲ್ಲ.

ಎಷ್ಟೋ ವರ್ಷದ ಮೇಲೆ ದೂರದೇಶದ ಅಂತಾರಾಷ್ಟ್ರೀಯ ಕೋರ್ಟಿನವರು ವಿಚಾರಣೆಗೆ ಬಂದರು. ಮೇಲ್ಕೇರಿಯವರು ಆ ಕೋರ್ಟಿನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ, ‘ಅಲ್ಲಿ’ ಅನ್ನುತ್ತಾರೆ, ಅಷ್ಟೇ. ಅಲ್ಲಿ ಎಳೆದುಕೊಂಡು ಹೋದರು. ಅಲ್ಲಿ ಹಾಕಿದರು. ವೀದಾ ಧೈರ್ಯವಂತೆಯೇನಲ್ಲ. ಗಂಡ ರಾದೆಂಕೊ ಬದುಕಿದ್ದರೆ ‘ನಿನಗ್ಯಾಕೆ ಊರ ಉಸಾಬರಿ’ ಎಂದು ಬಾಯಿ ಮುಚ್ಚಿಸುತ್ತಿದ್ದ. ಅವನು ಆಗಲೇ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಬಂದ ಹೆಂಗಸು ಕಾಫಿ ಕುಡಿದು, ದುಭಾಷಿಯ ಮೂಲಕ, “ಆಗ ಅಡುಗೆ ಮಾಡುತ್ತಿದ್ದವರು ನೀವೇನಾ?” ಎಂದು ಮೆತ್ತಗೆ ಕೇಳಿದಳು. ಹೌದು ಅಂದವಳಿಗೆ ಆಮೇಲೆ ಮಾತು ನಿಲ್ಲಿಸಲು ಬರಲಿಲ್ಲ.

ಕೋರ್ಟಿನಲ್ಲಿ ಅವಳ ಮುಖ ಮರೆಮಾಡಿ, ದನಿಯನ್ನು ಪೀಪಾಯಿಯೊಳಗಿಂದ ಬಂದಂತೆ ಬದಲಿಸಿ ಕೇಳಿಸಿದರು. ಆದರೂ ಟಿವಿ ಮುಂದೆ ಕೂತಿದ್ದ ಮೇಲ್ಕೇರಿಗೆ ಗೊತ್ತಾಗಿಹೋಯಿತು. “ಹೊಗೆ ಹಾಕಿದ ಹಂದಿ ಪಕ್ಕೆಲುಬು ಹಾಕದೇನೇ ಬೀನ್ಸ್ ಕಾಳು ಬೇಯಿಸ್ತಿದ್ದೆ, ಅವರು ತಿನ್ನಲ್ವಲ್ಲ” ಅಂದುಬಿಟ್ಟಿದ್ದಳು. ಅಷ್ಟು ಹೇಳಲು ಊರಿನಲ್ಲಿ ಎಷ್ಟು ಜನ ಅಡುಗೆಯವರಿದ್ದರು? ಅವಳು ಊರಿಗೆ ಮರಳುವಷ್ಟರಲ್ಲಿ ಎದುರುಮನೆಯಲ್ಲಿದ್ದ ಅವಳ ಸ್ವಂತ ತಮ್ಮ ಮಿಲೊಯ್ಕೊ, ತನ್ನ ಹತ್ತಿರ ಇಟ್ಟುಹೋಗಿದ್ದ ಅವಳ ಮನೆಯ ಬೀಗದ ಕೈಯನ್ನು ಗೇಟಿಗೆ ನೇತುಹಾಕಿ ಹೋಗಿದ್ದ. ಅಂಗಡಿಯ ಕೋವಿಲ್ಕಾ ರೊಟ್ಟಿಯನ್ನು ಮಾತಿಲ್ಲದೆ ಮುಂದೆ ತಳ್ಳಿದಳು. ಗಂಡನ ವರ್ಷದ ಪೂಜೆಗೆ ಬೇಯಿಸಿದ್ದನ್ನು ತಿನ್ನಲು ಪಾದ್ರಿಯೊಬ್ಬನ ಬಿಟ್ಟು ಯಾರೂ ಬರಲಿಲ್ಲ. ಅವನೂ ನಿಂತೇ ತಿಂದು ಹೊರಟ. ‘ಮದುವೆಗೆ ಸಾಕ್ಷಿ ನಿಂತವನ ಮೇಲೇ ಸಾಕ್ಷಿ ಹೇಳಿದಳು’ ಎಂದು ಅವಳ ಬೆನ್ನ ಹಿಂದೆ ಆಡಿಕೊಂಡರು, ಅವಳಿಗೆ ಕೇಳುವಷ್ಟು ಗಟ್ಟಿಯಾಗಿ.

ಮೊದಮೊದಲು ಅವಳು ಅತ್ತಳು. ಆಮೇಲೆ ರೇಡಿಯೋಕ್ಕೆ ಉತ್ತರ ಕೊಡುವುದನ್ನು ಕಲಿತಳು. “ನಾಳೆ ಮೋಡ ಮುಸುಕಿದ ವಾತಾವರಣ” ಅಂದರೆ, “ಆಯ್ತಪ್ಪ, ಬಟ್ಟೆ ಒಗೆಯಲ್ಲ ಬಿಡು” ಅನ್ನುವಳು. ಒಮ್ಮೊಮ್ಮೆ ತನ್ನ ದನಿ ತನಗೇ ಗುರುತು ಸಿಗುತ್ತಿರಲಿಲ್ಲ.

ಮೆರವಣಿಗೆಯಾದ ಮೇಲೆ ಒಂದು ಭಾನುವಾರ ಚರ್ಚಿನ ಗಂಟೆ ನಿಂತ ಹೊತ್ತಿಗೆ ಗೇಟಿನ ಸದ್ದಾಯಿತು. ಟೋಪಿ ಕೈಯಲ್ಲಿ ಹಿಡಿದು ತಿಹೊಮೀರ್ ನಿಂತಿದ್ದ.

“ಒಳಗೆ ಬರಬಹುದಾ, ಕೂಮಾ?”

ಆ ಪದ ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತೋ. ವೀದಾ ಬಾಗಿಲಿನಿಂದ ಸರಿದು ನಿಂತಳು. ಕಾಫಿಗೆ ನೀರಿಟ್ಟಳು. ಕೈ ತಾನಾಗಿ ಎರಡು ಚಮಚ ಸಕ್ಕರೆ ತೆಗೆಯಿತು.

“ಸಕ್ಕರೆ ಬೇಡ ಕಣೇ. ಅಲ್ಲಿನ ಡಾಕ್ಟರು ಬಿಡಿಸಿಬಿಟ್ಟರು.”

“ಹಲ್ಲೂ ಕಟ್ಟಿಸಿಕೊಟ್ಟರಂತಲ್ಲ.”

“ಹೂಂ, ನೋಡು.” ಬಾಯಿ ತೆರೆದು ತೋರಿಸಿದ. “ಮೇಷ್ಟ್ರಾಗಿ ಜೀವ ತೇದರೂ ನಮ್ಮ ಸರ್ಕಾರ ಒಂದು ಹಲ್ಲು ಕಟ್ಟಿಸಲಿಲ್ಲ. ಜೈಲಿಗೆ ಹೋದೆ ನೋಡು, ಪೂರಾ ಸೆಟ್ಟೇ ಸಿಕ್ತು.”

ವೀದಾಗೆ ನಗು ಬಂದುಬಿಟ್ಟಿತು. ನಕ್ಕ ಮೇಲೆ ನಾಚಿಕೆಯಾಗಿ ಒಲೆಯ ಕಡೆ ತಿರುಗಿದಳು. ಅವನು ಮೊದಲಿನಿಂದಲೂ ಹೀಗೇ, ಮಕ್ಕಳನ್ನು ನಗಿಸಿ ನಗಿಸಿ ಓಡಿಸುತ್ತಿದ್ದ ಮೇಷ್ಟ್ರು. ಬಾಗಿಲಲ್ಲಿ ನಿಂತು ಹೆಸರು ಓದಿದವನೂ ಇವನೇ. ಎರಡನ್ನೂ ಒಂದೇ ಮನುಷ್ಯನಲ್ಲಿ ಹೇಗೆ ಇಟ್ಟುಕೊಳ್ಳುವುದೆಂದು ಅವಳಿಗೆ ಇವತ್ತಿಗೂ ತಿಳಿದಿರಲಿಲ್ಲ.

“ನಿನ್ನ ಮೇಲೆ ನನಗೇನೂ ಸಿಟ್ಟಿಲ್ಲ,” ಅಂದ ಅವನು. “ನೀನು ನೋಡಿದ್ದು ಹೇಳಿದೆ. ನನಗೆ ಓದು ಅಂದರು, ಓದಿದೆ. ಅಲ್ಲಿ ಕೂತವರಿಗೆ ಇಲ್ಲಿಯದು ಏನು ಗೊತ್ತು? ಕಾಗದ ನೋಡಿದರು, ಶಿಕ್ಷೆ ಕೊಟ್ಟರು. ಒಬ್ಬನೂ ಈ ಹಳ್ಳದ ನೀರು ಕುಡಿದವನಲ್ಲ.” ಲೋಟವನ್ನು ಒಂದು ಸುತ್ತು ತಿರುಗಿಸಿದ. “ನಮ್ಮ ಮನೆತನ ಕಾಯೋ ಸಂತನ ಹಬ್ಬ ಬಂತು. ಬಾ.”

“ನಾನಾ?”

“ನೀನೇ. ಆ ಹಬ್ಬಕ್ಕೆ ಯಾರನ್ನೂ ಕರೆಯೋ ಪದ್ಧತಿಯಿಲ್ಲ, ಬರೋರು ಬರ್ತಾರೆ. ಆದ್ರೂ ಕರೀತಿದ್ದೀನಿ. ಬಂದು ಎಲ್ಲರೆದುರಿಗೆ ಒಂದು ಮಾತು ಹೇಳು ಸಾಕು. ಅಲ್ಲಿ ಅವರು ಹೇಳಿಸಿದರು, ನಾನು ಹೇಳಿದೆ ಅಂತ. ನಾನೆದ್ದು ನಿನ್ನ ಕೆನ್ನೆಗೆ ಮುತ್ತಿಟ್ಟು ಪಕ್ಕದಲ್ಲಿ ಕೂರಿಸ್ಕೋತೀನಿ. ಮಾರನೇ ದಿನದಿಂದ ನಿನ್ನ ಮನೆಗೆ ಜನ ಬರದಿದ್ದರೆ ಕೇಳು.”

“ಅವರೇನೂ ಹೇಳಿಸಲಿಲ್ವಲ್ಲ, ಕೂಮಾ.”

“ನನಗೂ ಗೊತ್ತು, ನಿನಗೂ ಗೊತ್ತು. ಊರಿಗೆ ಗೊತ್ತಿರಲೇಬೇಕಾ?” ಅವನು ಅವಳ ಮುಖವನ್ನೇ ನೋಡಿದ. ಆ ನೋಟದಲ್ಲಿ ಮೋಸ ಇರಲಿಲ್ಲ, ಅದೇ ಕಷ್ಟವಾಯಿತು. “ನನ್ನ ಶಿಕ್ಷೆ ಮುಗೀತು, ವೀದಾ. ನಿನ್ನದು ಯಾವಾಗ ಮುಗಿಯೋದು?”

ಹಬ್ಬದ ದಿನದ ತನಕ ವೀದಾ ತನ್ನೊಳಗೇ ಜಗಳವಾಡಿದಳು. ಒಂದು ಮಾತು ತಾನೇ? ಅದರಿಂದ ತೀರ್ಪು ಬದಲಾಗುವುದಿಲ್ಲ, ಸತ್ತವರು ಎದ್ದು ಬರುವುದಿಲ್ಲ. ಶಿಕ್ಷೆಯೂ ಮುಗಿದಿದೆ. ಇಷ್ಟಕ್ಕೂ ಕೆಳಕೇರಿಯವರಾದರೂ ಅವಳನ್ನು ಮಾತಾಡಿಸಿದರೇ? ಯುದ್ಧದಲ್ಲಿ ಓಡಿಹೋಗಿ, ಆಮೇಲೆ ಬಂದು ಮನೆ ಮತ್ತೆ ಕಟ್ಟಿಕೊಂಡ ಬೆರಳೆಣಿಕೆಯ ಮುದುಕಿಯರು ಹಳ್ಳದಾಚೆಯಿಂದ ಅವಳನ್ನು ನೋಡಿ ಬುಟ್ಟಿ ಎತ್ತಿಕೊಂಡು ಒಳಗೆ ಹೋಗುತ್ತಾರೆ. ಅವಳು ಪೆಟ್ಟಿಗೆಯಿಂದ ನೀಲಿ ಉಡುಪು ತೆಗೆದು ಇಸ್ತ್ರಿ ಮಾಡಿದಳು. ಹೊಲಿಗೆ ಒಂದು ಕಡೆ ಬಿಟ್ಟಿತ್ತು, ಹಾಕಿದಳು.

ತಿಹೊಮೀರನ ಮನೆಯ ಬಾಗಿಲು ತೆರೆದಾಗ ಒಳಗಿನ ಬಿಸಿ, ಮೇಣದಬತ್ತಿಯ ವಾಸನೆ, ಹುಳಿ ಕೋಸಿನ ಎಲೆಯಲ್ಲಿ ಸುತ್ತಿ ಬೇಯಿಸಿದ ಮಾಂಸದ ಆವಿ ಒಟ್ಟಿಗೆ ಮುಖಕ್ಕೆ ಬಡಿದವು. ಮನೆಯೊಡತಿ ಸ್ತೋಯಾ ಮುಂದೆ ಬಂದು ಬೇಯಿಸಿದ ಸಿಹಿಗೋಧಿಯ ಬಟ್ಟಲು ಚಾಚಿದಳು. ವೀದಾ ಶಿಲುಬೆಯ ಗುರುತು ಮಾಡಿಕೊಂಡು ಒಂದು ಚಮಚ ತಿಂದಳು. ಆಮೇಲೆ ಸ್ತೋಯಾ, “ಒಳಗೆ ಬಾರೇ, ಮಾಂಸದ ಸಾರು ಯಾಕೋ ಸಪ್ಪೆಯಾಗಿದೆ, ನೋಡಿ ಹೇಳು,” ಅಂದಳು.

ಅಷ್ಟು ಸಾಕಾಯಿತು. ವೀದಾ ಅಡುಗೆಮನೆಗೆ ಹೋಗಿ ಸೌಟು ಹಿಡಿದಳು. ಹೆಂಗಸರು ಒಬ್ಬೊಬ್ಬರೇ ಮಾತು ಶುರುಮಾಡಿದರು. ಯಾರ ಸೊಸೆ ಬಸುರಿ, ಯಾರ ಹಸು ಸತ್ತಿತು, ಪಾದ್ರಿಗೆ ಹೊಸ ಕಾರು ಎಲ್ಲಿಂದ ಬಂತು. ಅವಳಿಗೆ ಅರ್ಧ ಹೆಸರುಗಳು ಗೊತ್ತಿರಲಿಲ್ಲ. ಅವಳ ಕಣ್ಣೆದುರಿಗೇ ಹುಟ್ಟಿ ಬೆಳೆದ ಮಕ್ಕಳು ಅವಳಿಗೆ ತಿಳಿಯದೆ ಮದುವೆಯಾಗಿದ್ದರು. ಆದರೂ ಆ ಮಾತಿನ ಮಳೆಯಲ್ಲಿ ನಿಂತು ನೆನೆದಳು. ತಮ್ಮ ಮಿಲೊಯ್ಕೊ ಬಾಗಿಲಲ್ಲಿ ಇಣುಕಿ, “ಅಕ್ಕಾ, ಉಪ್ಪು ಜಾಸ್ತಿ ಹಾಕ್ಬೇಡ, ನಂಗೆ ಬಿಪಿ,” ಅಂದಾಗ ಅವಳು ಪಾತ್ರೆಯ ಮೇಲೆ ಬಗ್ಗಿ ಕಣ್ಣೊರೆಸಿಕೊಂಡಳು.

ಅಂಗಡಿಯ ಕೋವಿಲ್ಕಾ ಮಾತ್ರ ಮೂಲೆಯಲ್ಲಿ ಕೂತು ಅವಳನ್ನೇ ನೋಡುತ್ತಿದ್ದಳು. ಕೊನೆಗೆ ಬಾಯಿಬಿಟ್ಟಳು. “ನನ್ನ ಮಗ ಗೋರಾನನ ಹೆಣ ಹಳ್ಳದಲ್ಲಿ ಸಿಕ್ಕಾಗ ಕೈ ಎರಡೂ ಹಿಂದಕ್ಕೆ ಕಟ್ಟಿತ್ತು. ನೀನೂ ನೋಡಿದ್ದೆ.”

“ನೋಡಿದ್ದೆ, ಕೋವಿಲ್ಕಾ.”

“ಅದನ್ನ ಮಾಡಿದ ಆಚೆ ಕಡೆಯೋರನ್ನ ಯಾರು ಅಲ್ಲಿಗೆ ಕರ್ಕೊಂಡು ಹೋದರು? ನನ್ನ ಮನೆಗೆ ಯಾವ ದುಭಾಷಿ ಬಂದ್ಲು? ನಾನೂ ಕಾಫಿ ಮಾಡಿಕೊಡ್ತಿದ್ದೆ. ಒಬ್ರೂ ಬಂದು ಕೇಳಲಿಲ್ವಲ್ಲೇ.” ಮೂಲೆಯಿಂದ ಎದ್ದು ಬಂದಳು. “ಅದಕ್ಕೇ ನಾ ಹೇಳೋದು, ಅದು ನ್ಯಾಯ ಅಲ್ಲ, ನಮ್ಮ ಮೇಲಿನ ಹಗೆ.”

ವೀದಾ ಸೌಟು ಕೆಳಗಿಟ್ಟು ಕೋವಿಲ್ಕಾಳ ಭುಜ ಮುಟ್ಟಿದಳು. ಕೋವಿಲ್ಕಾ ಕೈ ಕೊಡವಲಿಲ್ಲ.

ಊಟದ ಮೇಜಿನ ಸುತ್ತ ಎಲ್ಲರೂ ಕೂತ ಮೇಲೆ ತಿಹೊಮೀರ್ ಪ್ಲಮ್ ಸಾರಾಯಿಯ ಲೋಟ ಹಿಡಿದು ಎದ್ದ. ಸಂತನನ್ನು ನೆನೆದ, ಸತ್ತವರನ್ನು ನೆನೆದ, ಬಂದವರಿಗೆ ಆಯಸ್ಸು ಕೋರಿದ. ಆಮೇಲೆ, “ನಮ್ಮ ಕೂಮ ಒಂದು ಮಾತು ಹೇಳ್ತಾಳಂತೆ,” ಅಂದ. ಕುರ್ಚಿಗಳು ಕಿರುಗುಟ್ಟಿ ಎಲ್ಲರೂ ಅವಳ ಕಡೆ ತಿರುಗಿದರು. ಯಾರ ಮುಖದಲ್ಲೂ ದ್ವೇಷ ಇರಲಿಲ್ಲ. ಬೇಗ ಹೇಳಿ ಮುಗಿಸು, ಊಟ ಆರುತ್ತದೆ ಅನ್ನುವಂಥ ಸಲಿಗೆಯ ಮುಖಗಳು.

ವೀದಾ ಎದ್ದಳು. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ದಿನಗಟ್ಟಲೆ ರೇಡಿಯೋದ ಮುಂದೆ ಹೇಳಿ ಹೇಳಿ ನೋಡಿದ್ದಳು. ಆದರೆ ಎದುರಿಗೆ ತಿಹೊಮೀರ್ ಲೋಟ ಹಿಡಿದು ನಿಂತಿದ್ದ ರೀತಿ, ಆ ತಲೆ, ಆ ಗಲ್ಲ ಎತ್ತಿದ ಭಂಗಿ ಅವತ್ತು ಬಾಗಿಲಲ್ಲಿ ನಿಂತದ್ದರ ಹಾಗೇ ಇತ್ತು.

“ಹೇಳ್ತೀನಿ, ಕೂಮಾ,” ಅಂದಳು. “ನೀನು ಕೇಳಿದ್ದು ಹೇಳೇ ಹೇಳ್ತೀನಿ. ಅದಕ್ಕೆ ಮುಂಚೆ ನೀನೊಂದು ಹೇಳು. ಆ ಲಾರಿಯಲ್ಲಿ ಮುಂದಿನ ಸೀಟಲ್ಲಿ ನೀನು ಕೂತಿದ್ದೆ. ಸೇತುವೆ ದಾಟಿ ಬಲಕ್ಕೆ ತಿರುಗಿದ್ದು ನಾನು ನೋಡಿದೆ. ಅಲ್ಲಿಂದ ಎಲ್ಲಿಗೆ ಹೋಯ್ತು?”

ಒಲೆಯಲ್ಲಿ ಸೌದೆ ಸಿಡಿಯುವುದು ಕೇಳುತ್ತಿತ್ತು.

“ಇವತ್ತು ಹಬ್ಬ ಕಣೇ,” ಅಂದ ತಿಹೊಮೀರ್ ಕೊನೆಗೆ, ತೀರ ಸಣ್ಣ ದನಿಯಲ್ಲಿ.

“ಅಲ್ಲಿ ಕೇಳಿದಾಗ ನಿನ್ನ ವಕೀಲ ಸುಮ್ಮನಿರು ಅಂದಿರ್ತಾನೆ. ಇಲ್ಲಿ ವಕೀಲ ಇಲ್ಲ. ಎಲ್ಲ ನಮ್ಮೋರೇ. ಬಾಯಿಗೆ ಬಂದ ಹಾಗೆ ಅಲ್ಲಿಯದನ್ನ ಬೈತೀವಿ, ಅದು ನ್ಯಾಯ ಅಲ್ಲ ಅಂತೀವಿ. ಆಯ್ತು, ಅಲ್ಲ. ಹಾಗಾದ್ರೆ ಇಲ್ಲಿಯದು ಮಾಡು. ಎಲ್ಲಿ ಹೂತರು ಹೇಳು.”

ಮಿಲೊಯ್ಕೊ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. “ಸಾಕು! ನಡಿಯೇ ಆಚೆಗೆ! ಉಪ್ಪು ತಿಂದ ಮನೇಲಿ ಕೂತು ಇಂಥ ಮಾತಾ?” ಅವನು ಅವಳ ತೋಳು ಹಿಡಿದು ಬಾಗಿಲ ತನಕ ಎಳೆದುಕೊಂಡು ಬಂದ. ಸ್ತೋಯಾ ಜೋರಾಗಿ ಅಳುತ್ತಿದ್ದಳು. ತಿಹೊಮೀರ್ ಲೋಟವನ್ನು ಕುಡಿಯದೆ ಮೇಜಿನ ಮೇಲಿಟ್ಟು, ಅದನ್ನೇ ನೋಡುತ್ತಾ ಕೂತುಬಿಟ್ಟಿದ್ದ.

ವೀದಾ ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಉಡುಪು ಬಿಚ್ಚಿ ಮಡಿಸಿಟ್ಟಳು. ಸಿಕ್ಕಿದ್ದನ್ನು ಕೈಯಾರೆ ಕಳೆದುಕೊಂಡೆನಲ್ಲ ಅಂದುಕೊಂಡಳು. ಬಿಪಿ ಇದೆ ಅಂದನಲ್ಲ ತಮ್ಮ, ಯಾವಾಗಿನಿಂದ ಬಿಪಿ ಎಂದು ಕೇಳಬೇಕಿತ್ತು.

ಮಾರನೇ ದಿನ ಬೆಳಿಗ್ಗೆ ಅವಳು ಹಲಗೆಯ ಸೇತುವೆ ದಾಟಿ ಕೆಳಕೇರಿಗೆ ಹೋದಳು. ಬೇಹಿಯಾ ಮನೆಯ ಮುಂದೆ ಸೌದೆ ಜೋಡಿಸುತ್ತಿದ್ದಳು. ಅವಳ ಗಂಡ ಮೊದಲೇ ತೀರಿಕೊಂಡಿದ್ದ. ಒಬ್ಬನೇ ಮಗ ಸುವಾದ್ ಆ ಲಾರಿ ಹತ್ತಿದವರಲ್ಲಿದ್ದ. ಯುದ್ಧಕ್ಕೆ ಮುಂಚೆ ಈ ಇಬ್ಬರು ಹೆಂಗಸರೂ ಒಂದೇ ಬಾವಿಯ ಕಟ್ಟೆಯ ಮೇಲೆ ಕೂತು ತಾಸುಗಟ್ಟಲೆ ಹರಟಿದವರು. ಬೇಹಿಯಾ ತಲೆಯೆತ್ತಿ ನೋಡಿದಳು, ಕೈಯಲ್ಲಿದ್ದ ಕೊರಡನ್ನು ಕೆಳಗಿಡಲಿಲ್ಲ.

“ಏನು?”

“ಒಂದು ವಿಷಯ ಹೇಳ್ಬೇಕಿತ್ತು. ಸುವಾದ್‌ದು.”

“ಹೇಳಿದ್ಯಲ್ಲ ಅಲ್ಲಿ. ಟಿವೀಲಿ ಕೇಳಿಸ್ಕೊಂಡೆ.” ಬೇಹಿಯಾ ಕೊರಡನ್ನು ಸಾಲಿಗೆ ಸೇರಿಸಿದಳು. “ಗಾಜಿನ ಹಿಂದೆ ಕೂತು, ಕಿವಿಗೆ ಅದೇನೋ ಹಾಕ್ಕೊಂಡು, ಗುರುತಿಲ್ಲದ ಜಡ್ಜುಗಳಿಗೆ ಹೇಳಿದೆ. ಅವರು ಅವನಿಗೆ ಊಟ ಹಾಕಿ, ಹಲ್ಲು ಕಟ್ಟಿಸಿ, ವಾಪಸ್ ಕಳಿಸಿದ್ರು. ನಾನು ಊರಿಗೆ ಬಂದ ದಿನದಿಂದ ಈ ಹಳ್ಳದ ಈ ಕಡೆ ಇದ್ದೀನಿ. ಎಷ್ಟು ದೂರ ಇತ್ತು ನಿಂಗೆ? ಒಂದು ಸಲ ಬಂದು ನಂಗೆ ಹೇಳಿದ್ಯಾ?”

“ಇಲ್ಲ.”

“ಅವರು ಕೇಳಿದ್ರು, ನೀನು ಹೇಳಿದೆ. ನಾನು ಕೇಳೋಕೆ ಬರ್ಲಿಲ್ಲ ಅಂತ ಹೇಳ್ಲಿಲ್ಲ. ಅಲ್ವಾ?”

“ಹೆದರಿಕೆ ಆಗಿತ್ತು,” ಅಂದಳು ವೀದಾ. “ನಿನ್ನ ಮುಖ ನೋಡೋಕೆ. ಜಡ್ಜುಗಳ ಮುಖ ನೋಡೋದು ಸುಲಭ.”

ಬೇಹಿಯಾ ಒಳಗೆ ಬಾ ಎಂದು ಕರೆಯಲಿಲ್ಲ. ವೀದಾ ಅಂಗಳದಲ್ಲಿ ನಿಂತುಕೊಂಡೇ ಹೇಳಿದಳು. ಆ ಮಧ್ಯಾಹ್ನ ನೀರು ಹೊರಲು ಸುವಾದ್‌ನನ್ನು ಅವಳ ಅಡುಗೆಮನೆಗೆ ಕಳಿಸಿದ್ದರು. ಅವಳು ಕೋಸು ಹೆಚ್ಚುತ್ತಿದ್ದಳು, ಅವನು ಬೀನ್ಸಿನ ಪಾತ್ರೆಯಲ್ಲಿ ಸೌಟಾಡಿಸುತ್ತಾ ಮೇಷ್ಟ್ರ ಅಣಕ ಮಾಡುತ್ತಿದ್ದ. ವ್ಯಾಯಾಮದ ಕೋಣೆಯ ಬಾಗಿಲಲ್ಲಿ ತಿಹೊಮೀರ್ ನಿಂತದ್ದು ಅಡುಗೆಮನೆಯಿಂದ ಕಾಣುತ್ತಿತ್ತು, ಹೆಸರು ಕೇಳಿಸಿತು. “ನನ್ನನ್ನೇ ಕರೀತಿದಾರೆ, ಅತ್ತೆ. ತಳ ಹಿಡೀತಿದೆ ನೋಡು, ಆಮೇಲೆ ನಾನು ಸೀಯಿಸಿದೆ ಅಂತೀಯ,” ಎಂದು ಸೌಟು ಅವಳ ಕೈಗೆ ಕೊಟ್ಟು ಹೋದ. ಅವಳು ಪಾತ್ರೆಯ ಕಡೆ ತಿರುಗಿದಳು. ತಿರುಗಿ ಕಲಕಿದಳು. ಲಾರಿ ಹೊರಟ ಸದ್ದು ಕೇಳಿ ಕಿಟಕಿಗೆ ಓಡುವವರೆಗೂ ಕಲಕುತ್ತಲೇ ಇದ್ದಳು. ಕೋರ್ಟಿನಲ್ಲಿ ಇದನ್ನು ಹೇಳಲು ಶುರುಮಾಡಿದ್ದಳು. ಅಲ್ಲಿ ಮರ್ಯಾದೆಯಿಂದಲೇ, ಹೆಸರು ಓದಿದ್ದು ಯಾರು ಅಷ್ಟು ಹೇಳಿದರೆ ಸಾಕು ಅಂದಿದ್ದರು. ಅವರಿಗೆ ಬೇಕಾದದ್ದು ಅಷ್ಟೇ ಇತ್ತು.

“ಅಳ್ತಿದ್ನಾ?” ಬೇಹಿಯಾ ಕೇಳಿದಳು.

“ಇಲ್ಲ. ನಗ್ತಿದ್ದ. ನನ್ನನ್ನ ರೇಗಿಸ್ತಿದ್ದ.”

ಬೇಹಿಯಾ ಸೌದೆಯ ಮೇಲೆ ಕೂತಳು. “ಅಮ್ಮಾ ಅಂತ ಅಳ್ತಾ ಹೋದ ಅಂದ್ಕೊಂಡಿದ್ದೆ,” ಅಂದಳು, ತನಗೆ ತಾನೇ ಅನ್ನುವಂತೆ. “ದಿನಾ ಅದೇ ಕಣ್ಮುಂದೆ ಬರೋದು.” ಬಹಳ ಹೊತ್ತು ಅವಳು ತನ್ನ ಅಂಗೈಗಳನ್ನು ನೋಡುತ್ತಿದ್ದಳು. ಆಮೇಲೆ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು, ಸದ್ದಾಗದ ಹಾಗೆ. ವೀದಾ ಸ್ವಲ್ಪ ಹೊತ್ತು ಕಾದಳು. ಉಳಿದಿದ್ದ ಕೊರಡುಗಳನ್ನು ಸಾಲಿಗೆ ಜೋಡಿಸಿಟ್ಟು ಹಳ್ಳ ದಾಟಿ ಬಂದಳು.

ಆ ಚಳಿಗಾಲ ಯಾರೂ ಬರಲಿಲ್ಲ. ಫೆಬ್ರವರಿಯಲ್ಲಿ ತಿಹೊಮೀರ್ ಗಂಟುಮೂಟೆ ಕಟ್ಟಿದ ಸುದ್ದಿ ಕಿಟಕಿಯಿಂದಲೇ ತಿಳಿಯಿತು. ಹೆಂಡತಿ ಕಾರಿನಲ್ಲಿ ಕೂತಿದ್ದಳು, ಹಿಂದೆ ಹಾಸಿಗೆ ಕಟ್ಟಿತ್ತು. ನದಿಯಾಚೆ ಸೆರ್ಬಿಯಾದಲ್ಲಿ ಅವನ ತಂಗಿಯ ಮನೆಯಿದೆ. ಅವನು ಕಾರು ನಿಲ್ಲಿಸಿ, ಹಿಮದಲ್ಲಿ ಕಾಲು ಹೂತುಕೊಂಡು ಗೇಟಿನ ತನಕ ಬಂದ. ವೀದಾ ಹೊರಗೆ ಬಂದಳು.

“ಸೇತುವೆ ದಾಟಿ ಬಲಕ್ಕೆ ಅಂದಿದ್ಯಲ್ಲ,” ಅಂದ ಅವನು. “ಸರಿಯಾಗೇ ನೋಡಿದ್ದೆ ನೀನು. ಹಳೇ ಸುಣ್ಣದ ಗೂಡಿನ ತನಕ ಹೋಯ್ತು. ಕಾಣೆಯಾದವರನ್ನ ಹುಡುಕ್ತಾರಲ್ಲ, ಅವರಿಗೆ ಫೋನ್ ಮಾಡಿದೀನಿ. ಹೆಸರು ಹೇಳಲಿಲ್ಲ.”

ವೀದಾ ಗೇಟಿನ ಸರಳು ಹಿಡಿದುಕೊಂಡಳು.

“ನೀನು ಹೇಳಿದೆ ಅಂತಲೇ ಊರು ಅಂದ್ಕೊಳ್ಳತ್ತೆ, ಕೂಮಾ.”

“ಅಂದ್ಕೊಳ್ಳಲಿ.”

“ಆ ಮಾತು ಎಲ್ಲರೆದುರಿಗೆ ಹೇಳೋ ಶಕ್ತಿ ನನಗಿಲ್ಲ. ಅವರು ನನಗೆ ಬ್ಯಾಂಡ್ ಊದಿದ್ರು.” ಅವನು ತಿರುಗಿ ಕಾರಿಗೆ ಹೋದ.

ಮಂಜು ಕರಗಿದ ಮೇಲೆ ಸುಣ್ಣದ ಗೂಡಿನ ಹಿಂದೆ ಅಗೆದರು, ಲಾರಿ ಹತ್ತಿದವರು ಸಿಕ್ಕಿದರು. ಮೇಲ್ಕೇರಿಯ ಸಿಟ್ಟಿಗೆ ವೀದಾಳ ಮುಂದಿನ ಕಿಟಕಿಯ ಗಾಜು ಹೋಯಿತು. ಮಿಲೊಯ್ಕೊ ರಸ್ತೆಯ ಆ ಬದಿಯಿಂದಲೇ ಕಿರುಚಿದ. “ಮನುಷ್ಯನನ್ನ ಊರು ಬಿಡಿಸಿದೆ! ಈಗ ಮಣ್ಣು ಬೇರೆ ಕೆದಕಿಸಿದೆ! ತೃಪ್ತಿಯಾಯ್ತಾ?” ಗೊತ್ತಿದ್ದರೆ ಹಬ್ಬದ ದಿನ ನಾನ್ಯಾಕೆ ಕೇಳುತ್ತಿದ್ದೆನೋ ಪೆದ್ದ ಎಂದು ಅವನಿಗೆ ಹೇಳಬಹುದಿತ್ತು. ಹಾಗೆ ಹೇಳಿದರೆ ಮುಂದಿನ ಪ್ರಶ್ನೆ ಯಾರು ಹೇಳಿದರು ಅಂತ ಬರುತ್ತದೆ. ವೀದಾ ಗಾಜಿನ ಚೂರು ಆರಿಸಿ, ಕಿಟಕಿಗೆ ರಟ್ಟು ಬಡಿದಳು. ಒಬ್ಬನ ಮೇಲೆ ಸಾಕ್ಷಿ ಹೇಳಿದ್ದು ಸಾಕು, ಈ ಒಂದು ತನ್ನಲ್ಲೇ ಇರಲಿ ಅನ್ನಿಸಿತು.

ಜುಲೈನಲ್ಲಿ ಕೆಳಕೇರಿಯವರು ಸಿಕ್ಕಿದವರನ್ನೆಲ್ಲ ಒಂದೇ ದಿನ ಮಣ್ಣು ಮಾಡಿದರು. ಹೊರಗಿನಿಂದ ಬಸ್ಸುಗಳಲ್ಲಿ ನೆಂಟರು ಬಂದಿದ್ದರು. ಹೋಗಲು ಅವಳಿಗೆ ಕರೆಯೂ ಇರಲಿಲ್ಲ, ಧೈರ್ಯವೂ ಇರಲಿಲ್ಲ. ಆಲೂಗಡ್ಡೆ ಪಾತಿಯಲ್ಲಿ ಬಗ್ಗಿಕೊಂಡೇ ಇಮಾಮನ ದನಿ ಕೇಳಿದಳು, ಅದು ನಿಂತ ಮೇಲೆ ಗುದ್ದಲಿಗಳ ಸದ್ದು ಕೇಳಿದಳು.

ಬಸ್ಸುಗಳೆಲ್ಲ ಹೋದ ಮೇಲೆ, ಅದೇ ಸಂಜೆ, ಬೇಹಿಯಾ ಹಲಗೆಯ ಸೇತುವೆ ದಾಟಿ ಬಂದಳು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆಯಿತ್ತು. ಮೇಲ್ಕೇರಿಯ ಎರಡು ಕಿಟಕಿಯ ಪರದೆ ಸರಿದದ್ದು ಇಬ್ಬರಿಗೂ ಕಾಣಿಸಿತು. ಅವಳು ಗೇಟಿನ ಒಳಗೆ ಕಾಲಿಡಲಿಲ್ಲ.

“ಹಲ್ವಾ,” ಅಂದಳು. “ಮಣ್ಣು ಮಾಡಿದ ದಿನ ಅಕ್ಕಪಕ್ಕದೋರಿಗೆ ಕೊಡ್ಬೇಕು.”

ವೀದಾ ಮಣ್ಣಾದ ಕೈ ಲಂಗಕ್ಕೆ ಒರೆಸಿಕೊಂಡು ತಟ್ಟೆ ಹಿಡಿದಳು. ಇನ್ನೂ ಬಿಸಿಯಾಗಿತ್ತು.

“ಕ್ಷಮಿಸಿದೀನಿ ಅಂತ ತಿಳ್ಕೋಬೇಡ.”

“ಇಲ್ಲ.”

“ನಮ್ಮೋರು ಹೋಗ್ಬೇಡ ಅಂದ್ರು.” ಬೇಹಿಯಾ ರಟ್ಟು ಬಡಿದ ಕಿಟಕಿಯ ಕಡೆ ಒಮ್ಮೆ ನೋಡಿದಳು. ತಿರುಗಿ ನಾಲ್ಕು ಹೆಜ್ಜೆ ಹೋದವಳು ನಿಂತಳು. “ತಟ್ಟೆ ವಾಪಸ್ ಬೇಕು. ಸೆಟ್ಟಿಂದು.”

ವೀದಾ ಅಂಗಳದ ಬೆಂಚಿನ ಮೇಲೆ ಕೂತು ಹಲ್ವಾವನ್ನು ಬೆರಳಿನಿಂದಲೇ ತಿಂದಳು. ಬೆಣ್ಣೆ ಧಾರಾಳವಾಗಿ ಹಾಕಿದ್ದಳು ಬೇಹಿಯಾ, ಹಿಟ್ಟನ್ನು ಸ್ವಲ್ಪ ಜಾಸ್ತಿಯೇ ಹುರಿ‌ದಿದ್ದಳು. ತಟ್ಟೆ ತೊಳೆದು ಒರೆಸಿದಳು. ಬರಿದಾದ ತಟ್ಟೆಯನ್ನು ಯಾರೂ ಹಾಗೇ ಹಿಂದಿರುಗಿಸುವುದಿಲ್ಲ, ಏನಾದರೂ ಇಟ್ಟು ಕೊಡಬೇಕು. ಮನೆಯಲ್ಲಿ ಏನಿದೆ ಎಂದು ನೋಡಿದಳು. ಪ್ಲಮ್ ಇನ್ನೂ ಹಸಿರು. ಮೊಟ್ಟೆಗಳಿದ್ದವು, ಆದರೆ ಸಾವಾದ ಮನೆಗೆ ಮೊಟ್ಟೆ ಕೊಡಬಹುದೋ ಬಾರದೋ, ಅವಳಿಗೆ ಗೊತ್ತಿರಲಿಲ್ಲ. ಕೇಳೋಣವೆಂದರೆ ಯಾರನ್ನು ಕೇಳುವುದು?